ಗ್ರಹಣದ ಗಳಿಗೆ ಸರಿಯಾದರೆ ಫಲವೂ ಸರಿಯೇ?

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನೋಡಲು ಭಾರತದಲ್ಲೇ ಬಹಳ ಒಳ್ಳೆಯ ಜಾಗ ಅಂತ ಹೆಸರಾದದ್ದು ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರು. ಅಲ್ಲಿಗೆ ಹೋಗಲೇಬೇಕು ಎಂದೂ ಇರಲಿಲ್ಲ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಇಡೀ ಜಿಲ್ಲೆ ಕಂಕಣದ ದಾರಿಯಲ್ಲೇ ಇತ್ತು. ಬದಿಯಡ್ಕದಲ್ಲೋ ಪೆರ್ಲದಲ್ಲೋ ಗ್ರಹಣದ ಕನ್ನಡಕ ಹಾಕಿಕೊಂಡು ಅಂಗಳಕ್ಕೆ ಇಳಿದಿದ್ದರೆ ಸಾಕಿತ್ತು. ಬೆಳಗ್ಗೆ ಎಂಟು ದಾಟಿದ ಮೇಲೆ ಹಿಡಿದ ಗ್ರಹಣ 9.25ರ ಹೊತ್ತಿಗೆ ಕಂಕಣವಾಯಿತು, ಹನ್ನೊಂದು ಕಳೆದ ಮೇಲೆ ಬಿಟ್ಟಿತು.

ಆದರೆ ನಮ್ಮ ಕಡೆಯ ಎಷ್ಟೋ ಕನ್ನಡ ಮನೆಗಳಲ್ಲಿ ಅದೇ ಹೊತ್ತಿಗೆ ಬಾಗಿಲು ಹಾಕಿ, ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು, ಬೆಂಗಳೂರಿನ ನ್ಯೂಸ್ ಚಾನೆಲ್ ನೋಡುತ್ತಾ ಕೂತಿದ್ದರು. ಆ ಪರದೆಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ಒಂದು ಚೌಕದಲ್ಲಿ ಸೂರ್ಯ. ಪಕ್ಕದ ಚೌಕದಲ್ಲಿ ಜ್ಯೋತಿಷಿ. ಕೆಳಗೆ ಓಡುವ ಪಟ್ಟಿಯಲ್ಲಿ ಸ್ಪರ್ಶ, ಮಧ್ಯ, ಮೋಕ್ಷದ ಗಂಟೆ ನಿಮಿಷ. ಧನು ರಾಶಿಯಲ್ಲಿ ಸೂರ್ಯ, ಚಂದ್ರ, ಬುಧ, ಗುರು, ಶನಿ, ಕೇತು ಆರೂ ಸೇರಿದ್ದಾರೆ, ಷಡ್ಗ್ರಹ ಯೋಗ, ಎಚ್ಚರ! ಹೇಳಿದ ನಿಮಿಷಕ್ಕೆ ಸರಿಯಾಗಿ ಸೂರ್ಯನ ಅಂಚು ಕಪ್ಪಾಗುತ್ತದೆ. ನೋಡುವವರ ಮನಸ್ಸಿನಲ್ಲಿ ಆ ಕ್ಷಣಕ್ಕೆ ಒಂದು ಲೆಕ್ಕ ಕೂಡಿಬಿಡುತ್ತದೆ: ಸಮಯ ಇಷ್ಟು ಕರಾರುವಾಕ್ಕಾಗಿ ಹೇಳಿದವರು ಫಲವನ್ನು ತಪ್ಪು ಹೇಳುತ್ತಾರಾ?

ಇಡೀ ಎಡವಟ್ಟು ಇರುವುದು ಇಲ್ಲಿ. ಸಮಯ ಹೇಳುವುದು ಗಣಿತ. ಫಲ ಹೇಳುವುದು ಬೇರೆಯೇ ಕಸುಬು. ಒಂದರ ಮರ್ಯಾದೆಯನ್ನು ಇನ್ನೊಂದು ಸುಮ್ನೆ ಎತ್ತಿಕೊಂಡು ಹೋಗುತ್ತಿದೆ, ಟಿ.ವಿ. ಅದಕ್ಕೆ ದಾರಿ ಮಾಡಿಕೊಡುತ್ತಿದೆ.

ರಾಹು ಕೇತುಗಳನ್ನೇ ತೆಗೆದುಕೊಳ್ಳಿ. ಇದು ನನಗೆ ಬಹಳ ಪ್ರಿಯವಾದ ವಿಷಯ, ಸ್ವಲ್ಪ ಉದ್ದವಾದರೂ ಹೇಳಿಬಿಡುತ್ತೇನೆ. ಎರಡು ಬಳೆಗಳನ್ನು ಒಂದರೊಳಗೊಂದು ತೂರಿಸಿ, ಒಂದನ್ನು ತುಸು ಓರೆ ಮಾಡಿ ಹಿಡಿಯಿರಿ. ಅವು ಎರಡೇ ಕಡೆ ಒಂದನ್ನೊಂದು ದಾಟುತ್ತವೆ. ಆಕಾಶದಲ್ಲಿ ಸೂರ್ಯ ಸಾಗುವಂತೆ ಕಾಣುವ ದಾರಿ ಒಂದು, ಚಂದ್ರನ ದಾರಿ ಇನ್ನೊಂದು. ಎರಡರ ನಡುವಿನ ಓರೆ ಸುಮಾರು 5 ಡಿಗ್ರಿ. ಚಂದ್ರ ಉತ್ತರಕ್ಕೆ ದಾಟುವ ಬಿಂದು ರಾಹು, ದಕ್ಷಿಣಕ್ಕೆ ದಾಟುವ ಬಿಂದು ಕೇತು. ಅಷ್ಟೇ. ಅಲ್ಲಿ ಕಲ್ಲಿಲ್ಲ, ಮಣ್ಣಿಲ್ಲ, ತಲೆಯಿಲ್ಲ, ಬಾಲವಿಲ್ಲ.

ನಮ್ಮ ಕಣ್ಣಿಗೆ ಸೂರ್ಯನೂ ಚಂದ್ರನೂ ತಲಾ ಅರ್ಧ ಡಿಗ್ರಿಯಷ್ಟೇ ಅಗಲ. ದಾರಿಯ ಓರೆ ಅದರ ಹತ್ತು ಪಟ್ಟು. ಹಾಗಾಗಿ ಹೆಚ್ಚಿನ ಅಮಾವಾಸ್ಯೆಗಳಲ್ಲಿ ಚಂದ್ರ ಸೂರ್ಯನ ಮೇಲಿನಿಂದಲೋ ಕೆಳಗಿನಿಂದಲೋ ಹಾದು ಹೋಗುತ್ತಾನೆ. ಸೂರ್ಯ ಈ ಬಿಂದುಗಳ ಹತ್ತಿರ ಬಂದಾಗ ಅಮಾವಾಸ್ಯೆಯೂ ಬಂದರೆ ಗ್ರಹಣ. ಆವತ್ತು ದಾಟಿದ್ದು ಕೇತು ಬಿಂದುವಿನ ಹತ್ತಿರ, ಅದಕ್ಕೇ ಕೇತುಗ್ರಸ್ತ. ಈ ಬಿಂದುಗಳೂ ನಿಂತಲ್ಲಿ ನಿಲ್ಲುವುದಿಲ್ಲ, ನಿಧಾನವಾಗಿ ಹಿಂದಕ್ಕೆ ಸರಿಯುತ್ತವೆ. ಒಂದು ಸುತ್ತಿಗೆ 18.6 ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ಒಂದಕ್ಕೆ ಒಂದೂವರೆ ವರ್ಷ ಚಿಲ್ಲರೆ. "ರಾಹು ರಾಶಿ ಬದಲಾಯಿಸುತ್ತಿದ್ದಾನೆ, ಯಾರಿಗೆ ಕಂಟಕ?" ಎಂದು ಒಂದೂವರೆ ವರ್ಷಕ್ಕೊಮ್ಮೆ ಬರುವ ವಿಶೇಷ ಕಾರ್ಯಕ್ರಮದ ಹಿಂದಿರುವುದು ಈ ಭಾಗಾಕಾರ.

ಸರಿ, ಪೂರ್ತಿ ಮುಚ್ಚದೆ ಕಂಕಣ ಯಾಕೆ ಉಳಿಯಿತು? ಚಂದ್ರ ದೂರದಲ್ಲಿದ್ದ ಎಂದು ಅವಸರದಲ್ಲಿ ಹೇಳುವವರಿದ್ದಾರೆ. ಆವತ್ತು ಚಂದ್ರ ತೀರಾ ದೂರವೂ ಇರಲಿಲ್ಲ, ಸರಾಸರಿ ದೂರದ ಆಸುಪಾಸಿನಲ್ಲಿದ್ದ. ಆದರೆ ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ. ಆದ್ದರಿಂದ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಒಂದು ಚೂರು ದೊಡ್ಡದಾಗಿ ಕಾಣುತ್ತಾನೆ. ಚಂದ್ರನಿಗೆ ಸಿಕ್ಕಿದ್ದು ಆ ಅಗಲದ ಶೇಕಡ 97 ಮಾತ್ರ. ಉಳಿದದ್ದೇ ಚೆರುವತ್ತೂರಿನಲ್ಲಿ ಮೂರು ನಿಮಿಷದಷ್ಟು ಹೊತ್ತು ಹೊಳೆದ ಕಂಕಣ. ಇದನ್ನು ಹೇಳಲು ಚಾನೆಲ್‌ಗೆ ಹತ್ತು ನಿಮಿಷ ಸಾಕಿತ್ತು, ಅಲ್ವಾ?

ಈ ಲೆಕ್ಕ ಹೊರಗಿನಿಂದ ಬಂದದ್ದೂ ಅಲ್ಲ. ಚಂದ್ರ ಸೂರ್ಯನನ್ನು ಮುಚ್ಚುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮುಚ್ಚುತ್ತದೆ ಎಂದು ಕ್ರಿ.ಶ. 499ರಷ್ಟು ಹಿಂದೆಯೇ ಆರ್ಯಭಟ ಬರೆದಿದ್ದ. ಕೇರಳದಲ್ಲೇ, ನಿಳಾ ನದಿ ಕಡಲು ಸೇರುವ ಕಡೆ, ವಟಶ್ಶೇರಿಯ ಪರಮೇಶ್ವರ ಎಂಬ ಗಣಿತಜ್ಞ ದಶಕಗಟ್ಟಲೆ ಗ್ರಹಣಗಳನ್ನು ಕಣ್ಣಾರೆ ನೋಡಿ ಬರೆದಿಟ್ಟ. ಹಳೆಯ ಲೆಕ್ಕ ಹೇಳಿದ್ದಕ್ಕೂ ಆಕಾಶದಲ್ಲಿ ಕಂಡದ್ದಕ್ಕೂ ತಾಳೆಯಾಗಲಿಲ್ಲ. ಆತ ಆಕಾಶವನ್ನು ಬಯ್ಯಲಿಲ್ಲ, ಲೆಕ್ಕವನ್ನೇ ತಿದ್ದಿದ. ಅದೇ 1431ರ ದೃಗ್ಗಣಿತ. ಇವತ್ತಿಗೂ ಎಷ್ಟೋ ಪಂಚಾಂಗಗಳ ಮೇಲೆ ಆ ಹೆಸರು ಅಚ್ಚಾಗುತ್ತದೆ. ಪಂಚಾಂಗದ ಸಮಯ ಸರಿಯಾಗಿರುವುದು ಹೀಗೆ ತಪ್ಪು ಹುಡುಕಿ ತಿದ್ದಿದವರು ಇದ್ದದ್ದರಿಂದ.

ಫಲಭಾಗವನ್ನು ಹೀಗೆ ತಿದ್ದಿದವರು ಯಾರು? ಕಡೇ ಪಕ್ಷ ಪರೀಕ್ಷೆ ಮಾಡಿದವರಿದ್ದಾರೆ. ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ ನಾರಳೀಕರ್ 2008ರಲ್ಲಿ ಪುಣೆಯಲ್ಲಿ ಜ್ಯೋತಿಷಿಗಳನ್ನು ಒಂದು ಪ್ರಯೋಗಕ್ಕೆ ಕರೆದರು. ಆ ಕೆಲಸದಲ್ಲಿ ಅವರ ಜೊತೆಗಿದ್ದವರಲ್ಲಿ ಮಹಾರಾಷ್ಟ್ರದ ವಿಚಾರವಾದಿ ನರೇಂದ್ರ ದಾಭೋಲ್ಕರ್ ಕೂಡ ಒಬ್ಬರು. ಓದಿನಲ್ಲಿ ಚುರುಕಾದ 100 ಮಕ್ಕಳು, ಬುದ್ಧಿಮಾಂದ್ಯ ಇರುವ 100 ಮಕ್ಕಳು, ಇವರ ಜಾತಕಗಳನ್ನು ಕಲಸಿ ಒಬ್ಬೊಬ್ಬರಿಗೆ 40ರಂತೆ ಕೊಟ್ಟರು. ಯಾವ ಜಾತಕ ಯಾವ ಗುಂಪಿನದು ಹೇಳಿ ಎಂದರು. ಉತ್ತರ ಕಳಿಸಿದವರು 27 ಜ್ಯೋತಿಷಿಗಳು. ಸರಿಯಾದದ್ದು ಸರಾಸರಿ ಶೇಕಡ 46. ಒಂದು ಸಂಸ್ಥೆ 200 ಜಾತಕಗಳನ್ನೂ ನೋಡಿ 102ಕ್ಕೆ ಸರಿ ಹೇಳಿತು. ನಾಣ್ಯ ಚಿಮ್ಮಿದರೂ ಅರ್ಧದಷ್ಟು ಸರಿಯಾಗುತ್ತದೆ! ಪ್ರತಿ ವರ್ಷಭವಿಷ್ಯದ ಮೊದಲು ಈ ಫಲಿತಾಂಶವನ್ನು ಪರದೆಯ ಮೇಲೆ ಹಾಕಬೇಕು ಎಂದು ನನಗನ್ನಿಸುತ್ತದೆ.

ವಿಚಾರವಾದಿಗಳು ಸುಮ್ಮನೆ ಕೂತಿಲ್ಲ. ಮಂಗಳೂರಿನ ನರೇಂದ್ರ ನಾಯಕ್ ಚುನಾವಣೆ ಬಂದಾಗ ಜ್ಯೋತಿಷಿಗಳಿಗೆ ಬಹುಮಾನದ ಸವಾಲು ಹಾಕಿದವರು. ಗ್ರಹಣದ ಹೊತ್ತಿಗೆ ಬಯಲಲ್ಲಿ ನಿಂತು ಊಟ ಮಾಡಿ ತೋರಿಸುವವರೂ ಇದ್ದಾರೆ. ಅವರ ಧೈರ್ಯದ ಮೇಲೆ ನನಗೆ ಗೌರವವಿದೆ. ಆದರೆ ಚಾನೆಲ್ ಅದನ್ನೂ ಜಗಳ ಮಾಡಿಬಿಡುತ್ತದೆ. ಮೂವರು ಜ್ಯೋತಿಷಿಗಳ ಎದುರು ಒಬ್ಬ ವಿಚಾರವಾದಿಯನ್ನು ಕೂರಿಸಿ, ಇಬ್ಬರದೂ ಒಂದೊಂದು ಅಭಿಪ್ರಾಯ ಎಂಬಂತೆ ಮುಗಿಸುತ್ತಾರೆ. ನನ್ನ ಕೇಳಿದರೆ ಒನಕೆಯ ದಾರಿ ಜಾಸ್ತಿ ಒಳ್ಳೆಯದು. ಗ್ರಹಣದ ದಿನ ತಟ್ಟೆಯ ನೀರಿನಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ ಎಂದು ಟಿ.ವಿ. ತೋರಿಸುತ್ತದಲ್ಲ, ಮಾರನೆಯ ದಿನ ಶಾಲೆಯ ಮಕ್ಕಳ ಕೈಗೆ ಅದೇ ಒನಕೆ, ಅದೇ ತಟ್ಟೆ ಕೊಡಿ. ಬುಡ ಚಪ್ಪಟೆಯಿದ್ದು ಭಾರ ಬುಡದ ನೇರಕ್ಕೆ ಬಂದರೆ ಅದು ಯಾವತ್ತೂ ನಿಲ್ಲುತ್ತದೆ. ಮಗು ಒಮ್ಮೆ ನಿಲ್ಲಿಸಿದರೆ ಆಮೇಲೆ ವಾದವೇ ಬೇಡ.

ಇದು ಬರೀ ಮನರಂಜನೆ ಎನ್ನುವವರಿಗೆ ಆ ದಿನದ್ದೇ ಇನ್ನೊಂದು ಸುದ್ದಿ ನೆನಪಿಸಬೇಕು. ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗ್ರಹಣದಲ್ಲಿ ವಾಸಿಯಾಗುತ್ತದೆಂದು ನಂಬಿ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಮೂಢನಂಬಿಕೆಗೆ ಪ್ರೋತ್ಸಾಹ ಕೊಡುವ ಕಾರ್ಯಕ್ರಮ ಕೂಡದು ಎಂದು 1994ರ ಕೇಬಲ್ ಟಿ.ವಿ. ನಿಯಮಗಳಲ್ಲೇ ಇದೆ.

ಮತ್ತೆ ಮೂರು ತಿಂಗಳಿಗೆ ಕೊರೋನಾ ಬಂತು. 2020ರ ಮಾರ್ಚ್‌ನಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು, ರಸ್ತೆಗಳಿಗೆ ಮಣ್ಣು ಬಿತ್ತು, ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆ ಸೇರಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಜೀವ ಬಿಟ್ಟರು. ನಾನು ನೋಡಿದ ಯಾವ ವರ್ಷಭವಿಷ್ಯದಲ್ಲೂ ಇದರ ಸುಳಿವು ಇರಲಿಲ್ಲ. ಆಮೇಲೆ ಮಾತ್ರ, ಎಲ್ಲ ಆ ಷಡ್ಗ್ರಹ ಗ್ರಹಣದ್ದೇ ಫಲ ಎಂಬ ಮಾತು ಮನೆಮನೆಗೆ ಬಂತು. ವರ್ಷಕ್ಕೆ ಕಡಿಮೆಯೆಂದರೂ ಎರಡು ಸೂರ್ಯಗ್ರಹಣ ಆಗುತ್ತವೆ. ಮಸುಕು ಚಂದ್ರಗ್ರಹಣಗಳನ್ನೂ ಸೇರಿಸಿದರೆ ಕನಿಷ್ಠ ನಾಲ್ಕು. ಯಾವ ಅನಾಹುತವೇ ಆಗಲಿ, ಅದರ ಹಿಂದಿನ ಕೆಲವು ತಿಂಗಳಲ್ಲಿ ಒಂದು ಗ್ರಹಣ ಇದ್ದೇ ಇರುತ್ತದೆ.

2031ರ ಮೇ 21ಕ್ಕೆ ಕೇರಳದ ದಕ್ಷಿಣ ಭಾಗದ ಮೇಲೆ ಇನ್ನೊಂದು ಕಂಕಣ ಗ್ರಹಣ ಹಾದು ಹೋಗುತ್ತದೆ. ಕಾಸರಗೋಡಿಗೆ ಪಾರ್ಶ್ವ ಗ್ರಹಣ. ಅಷ್ಟರೊಳಗೆ ಚಾನೆಲ್‌ಗಳು ಮಾಡಬಹುದಾದ ಕೆಲಸ ಒಂದಿದೆ. 2019ರ ಆ ಬೆಳಗಿನ ರೆಕಾರ್ಡಿಂಗ್ ತೆಗೆದು ಮತ್ತೆ ಪ್ರಸಾರ ಮಾಡಲಿ. ಸಮಯದ ಬಗ್ಗೆ ಹೇಳಿದ್ದನ್ನೂ ಫಲದ ಬಗ್ಗೆ ಹೇಳಿದ್ದನ್ನೂ ಎರಡು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಆದದ್ದನ್ನು ಬರೆಯಲಿ. ಅವರು ಮಾಡದಿದ್ದರೆ ನಮ್ಮ ಹೈಸ್ಕೂಲ್ ಮಕ್ಕಳೇ ಒಂದು ಪ್ರಾಜೆಕ್ಟ್ ಆಗಿ ಇದನ್ನು ಮಾಡಬಹುದು.