ಲೈಟ್ ಬಂದಾವ, ನೆಟ್ ಬಂದಿಲ್ರಿ

ಏಪ್ರಿಲ್-ಮೇ ತಿಂಗಳ ಸಂಜೆ ಗಾಳಿ ಎದ್ದಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ, ನೆಟ್‌ವರ್ಕ್ ನೋಡಿಕೊಳ್ಳುವ ನಮಗೆ ಬರುವ ಫೋನಿನ ಮಾತು ಹೆಚ್ಚುಕಡಿಮೆ ಒಂದೇ: "ಸರ, ಲೈಟ್ ಬಂದಾವ, ನೆಟ್ ಬಂದಿಲ್ರಿ." ನೆಟ್‌ವರ್ಕ್ ಉಪಕರಣಗಳಿಗೆ ಕರೆಂಟ್ ಹೋಗುವ ಗಳಿಗೆಗಿಂತ ವಾಪಸು ಬರುವ ಗಳಿಗೆಯೇ ಕಷ್ಟದ್ದು. ಯುಪಿಎಸ್ ಎಷ್ಟು ಹೊತ್ತು ನಡೆಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲ ಆರಿ ಮತ್ತೆ ಹೊತ್ತಿಕೊಂಡಾಗ ಏನಾಗಬೇಕು ಎಂದು ಕೇಳುವವರು ಕಡಿಮೆ.

ಕೆಟ್ಟ ಡೇಟಾವನ್ನು ಸಂಭಾಳಿಸುವ ವ್ಯವಸ್ಥೆ ಗಟ್ಟಿಯಾಗಿಯೇ ಇದೆ. ಕೇಬಲ್ಲಿನಲ್ಲಿ ಡೇಟಾ ಈಥರ್ನೆಟ್ ಫ್ರೇಮು ಎಂಬ ಕಟ್ಟುಗಳಾಗಿ ಹೋಗುತ್ತದೆ; ಫ್ರೇಮಿನ ಕೊನೆಯ 4 ಬೈಟ್‌ಗಳ ಸಿಆರ್‌ಸಿ, ಅಂದರೆ ತಪ್ಪು ಹಿಡಿಯುವ ಲೆಕ್ಕ, ತಾಳೆಯಾಗದಿದ್ದರೆ ಫ್ರೇಮು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಡೇಟಾ ಮುಟ್ಟಿತೋ ಇಲ್ಲವೋ ನೋಡಿಕೊಳ್ಳುವ ಟಿಸಿಪಿ ಎಂಬ ನಿಯಮಾವಳಿ, ಉತ್ತರ ಬಾರದ್ದನ್ನು ಕಂಡು ಮತ್ತೆ ಕಳಿಸುತ್ತದೆ, ಪ್ರತಿ ಸಲ ಕಾಯುವ ಹೊತ್ತನ್ನು ಇಮ್ಮಡಿ ಮಾಡುತ್ತ. ಫೈಬರ್ ಮೋಡೆಮ್ ಅಂತೂ ಕರೆಂಟ್ ಹೋದ ಕೂಡಲೇ, ಕೆಪಾಸಿಟರಿನಲ್ಲಿ ಉಳಿದ ಅಷ್ಟಿಷ್ಟು ಶಕ್ತಿಯಲ್ಲೇ 'ಡೈಯಿಂಗ್ ಗ್ಯಾಸ್ಪ್' ಎಂಬ ಕೊನೆಯ ಸಂದೇಶ ಕಳಿಸಿ ಆರುತ್ತದೆ. ಹೋದದ್ದು ಕರೆಂಟೋ, ಕಡಿದದ್ದು ಫೈಬರೋ ಎಂಬುದು ಕಲಬುರಗಿಯಲ್ಲಿ ಕೂತವರಿಗೇ ತಿಳಿಯುತ್ತದೆ. ಮಳೆಯಲ್ಲಿ ಕೇಬಲ್ ಹುಡುಕುತ್ತ ಹೊರಡುವುದು ತಪ್ಪುತ್ತದೆ. ನನಗೆ ಬಹಳ ಮೆಚ್ಚಿಗೆಯಾದ ಏರ್ಪಾಡು ಇದು.

ತೊಡಕು ಆಮೇಲಿನದು. ಹಳ್ಳಿಯ ಲೈನು ಒಂದೇ ಏಟಿಗೆ ಬರುವುದಿಲ್ಲ; ಬಂದು, ಹೋಗಿ, ಡಿಮ್ ಆಗಿ, ಮತ್ತೆ ಬರುತ್ತದೆ. ಈ ಅರೆಬರೆ ವೋಲ್ಟೇಜಿನಲ್ಲಿ ಪ್ರೊಸೆಸರ್ ಪೂರ್ತಿ ಆರುವುದೂ ಇಲ್ಲ, ಸರಿಯಾಗಿ ನಡೆಯುವುದೂ ಇಲ್ಲ. ಒಳ್ಳೆಯ ಉಪಕರಣದಲ್ಲಿ ಬ್ರೌನ್‌ಔಟ್ ಸರ್ಕ್ಯೂಟ್ ಇದ್ದು, ವೋಲ್ಟೇಜ್ ನೆಟ್ಟಗಾಗುವವರೆಗೆ ಚಿಪ್ಪನ್ನು ರೀಸೆಟ್‌ನಲ್ಲೇ ಹಿಡಿದಿಡುತ್ತದೆ. ಪ್ರೋಗ್ರಾಂ ಸಿಕ್ಕಿಕೊಂಡರೆ ವಾಚ್‌ಡಾಗ್ ಟೈಮರ್ ಅದನ್ನು ಮೊದಲಿಂದ ಶುರುಮಾಡಿಸುತ್ತದೆ. ಫರ್ಮ್‌ವೇರ್, ಅಂದರೆ ಉಪಕರಣವನ್ನು ನಡೆಸುವ ಒಳಗಿನ ಪ್ರೋಗ್ರಾಂ, ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ಏಳಲು ಬರಲೆಂದು ಅದರ ಎರಡು ಪ್ರತಿ ಇಟ್ಟಿರುತ್ತಾರೆ. ಕೊಳ್ಳುವಾಗ ಆಂಟೆನಾ ಎಣಿಸುವ ಬದಲು ಇವನ್ನು ಕೇಳಿ.

ಯಂತ್ರ ಎದ್ದರೂ ನೆನಪು ಉಳಿದಿರಬೇಕಲ್ಲ. ಅನೇಕ ಸ್ವಿಚ್, ರೂಟರ್‌ಗಳಲ್ಲಿ ನಡೆಯುತ್ತಿರುವ ಕಾನ್ಫಿಗರೇಶನ್ (ಸೆಟ್ಟಿಂಗುಗಳು) ಕರೆಂಟ್ ಹೋದರೆ ಅಳಿಸಿಹೋಗುವ ರ‍್ಯಾಮ್‌ನಲ್ಲಿರುತ್ತದೆ. ಸೇವ್ ಮಾಡಿದರಷ್ಟೇ ಶಾಶ್ವತ ಮೆಮೊರಿಗೆ ಹೋಗುತ್ತದೆ. ಒಂದು ಕಚೇರಿಯಲ್ಲಿ ಯಾರೋ ವಿಎಲ್‌ಎಎನ್ (ಒಂದೇ ಸ್ವಿಚ್ಚನ್ನು ಬೇರೆಬೇರೆ ನೆಟ್‌ವರ್ಕುಗಳಾಗಿ ಹಂಚುವ ಸೆಟ್ಟಿಂಗು) ಬದಲಿಸಿ ಸೇವ್ ಮಾಡದೆ ಹೋಗಿದ್ದರು. ತಿಂಗಳುಗಟ್ಟಲೆ ಎಲ್ಲ ನೆಟ್ಟಗಿತ್ತು. ಯುಪಿಎಸ್ ಖಾಲಿಯಾದ ದಿನ ಸ್ವಿಚ್ ಹಳೆಯ ಕಾನ್ಫಿಗರೇಶನ್ನಿಗೆ ಮರಳಿತು, ಅರ್ಧ ಕಚೇರಿಯ ಕಂಪ್ಯೂಟರು ಕುರುಡಾದವು.

ಇನ್ನೊಂದು ತೊಡಕು ಗಡಿಯಾರದ್ದು. ಇದರ ಕಡೆ ಗಮನ ಹೋಗುವುದೇ ಕಡಿಮೆ. ಸಣ್ಣ ರೂಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದು ಅಪರೂಪ. ಹಲವು 1970ರ ಜನವರಿ 1ಕ್ಕೆ ಏಳುತ್ತವೆ. ಆ ತಾರೀಖಿನಲ್ಲಿ ಯಾವ ಸರ್ಟಿಫಿಕೇಟೂ (ಉಪಕರಣದ ಗುರುತಿನ ಚೀಟಿ, ಅದಕ್ಕೆ ಅವಧಿ ಇರುತ್ತದೆ) ಇನ್ನೂ ಚಾಲ್ತಿಗೆ ಬಂದಿರುವುದಿಲ್ಲ, ಹಾಗಾಗಿ ಅದನ್ನು ನಂಬಿದ ವಿಪಿಎನ್, ಅಂದರೆ ಶಾಖೆಯನ್ನು ಮುಖ್ಯ ಕಚೇರಿಗೆ ಜೋಡಿಸುವ ಸುರಕ್ಷಿತ ಸಂಪರ್ಕ, ಮೇಲೇಳದು. ಸರಿಯಾದ ಸಮಯ ಕೊಡುವ ಎನ್‌ಟಿಪಿ ಸರ್ವರ್ ವಿಪಿಎನ್ ಆಚೆಗೇ ಇದ್ದರೆ? ವಿಪಿಎನ್ ಇಲ್ಲದೆ ಸಮಯವಿಲ್ಲ, ಸಮಯವಿಲ್ಲದೆ ವಿಪಿಎನ್ ಇಲ್ಲ. ಕೇಬಲ್, ಪೋರ್ಟ್, ಪಾಸ್‌ವರ್ಡ್ ಎಲ್ಲ ಸರಿಯಿದ್ದೂ ಶಾಖೆ ಮುಚ್ಚಿ ಕೂರುತ್ತದೆ. ವಿಪಿಎನ್ ಇಲ್ಲದೆಯೂ ಸಿಗುವ ಒಂದು ಎನ್‌ಟಿಪಿ ವಿಳಾಸ ಕೊಟ್ಟಿಟ್ಟರೆ ಸಾಕು.

ಬ್ಯಾಟರಿ ಮಾತೂ ಹೇಳಿಬಿಡುತ್ತೇನೆ. ಲೆಡ್-ಆಸಿಡ್ ಬ್ಯಾಟರಿಯ ಆಯುಸ್ಸು ಸಾಮಾನ್ಯವಾಗಿ 25 ಡಿಗ್ರಿಗೆ ಲೆಕ್ಕ ಹಾಕಿದ್ದು. 10 ಡಿಗ್ರಿ ಏರಿದರೆ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. 40 ದಾಟುವ ನಮ್ಮ ಬ್ಯಾಸಿಗಿಯಲ್ಲಿ ಅದನ್ನು ತಗಡಿನ ಶೆಡ್ಡಿನಲ್ಲಿ ಇಡಬೇಡಿ.

ಮಳೆಗಾಲಕ್ಕೆ ಮುಂಚೆ ಒಂದು ದಿನ, ಸಿಬ್ಬಂದಿಗೆ ಹೇಳಿ, ಕಾನ್ಫಿಗರೇಶನ್ ಬ್ಯಾಕಪ್ ತೆಗೆದುಕೊಂಡು, ಯುಪಿಎಸ್ ಸಮೇತ ಎಲ್ಲ ಆರಿಸಿ ಮತ್ತೆ ಹಾಕಿ ನೋಡಿ. ಯಾವುದನ್ನೂ ಕೈಯಿಂದ ಮುಟ್ಟಬೇಡಿ. ತಾನಾಗಿ ಏಳದ ಉಪಕರಣ ಯಾವುದೆಂದು ಬರೆದಿಟ್ಟುಕೊಳ್ಳಿ, ರಿಪೇರಿ ಅಲ್ಲಿಂದ ಶುರುವಾಗಲಿ.