‘ಕಾಲೇಜ್’: ಅರ್ಧಕ್ಕೇ ನಿಲ್ಲುವ ತಪ್ಪೊಪ್ಪಿಗೆಗಳು

ಚಿತ್ರಕಥೆ ಕಲಿಯುತ್ತಿರುವವರಿಗೆ ಅಮೆರಿಕದ ಟಿವಿ ಧಾರಾವಾಹಿ ‘ದಿ ಸೊಪ್ರಾನೋಸ್’ನ 86 ಕಂತುಗಳನ್ನೂ ನೋಡಲು ಪುರುಸೊತ್ತಿಲ್ಲದಿದ್ದರೆ, ಮೊದಲ ಸೀಸನ್ನಿನ ಐದನೆಯ ಕಂತು ‘ಕಾಲೇಜ್’ ಅನ್ನಾದರೂ ನೋಡಲೇಬೇಕು. 1999ರ ಫೆಬ್ರುವರಿಯಲ್ಲಿ ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರವಾದದ್ದು. ಬರೆದವರು ಜೇಮ್ಸ್ ಮ್ಯಾನೋಸ್ ಮತ್ತು ಡೇವಿಡ್ ಚೇಸ್. ಬರವಣಿಗೆಗೆ ಎಮ್ಮಿ ಪ್ರಶಸ್ತಿ ಬಂತು.

ಕಥೆ ಸರಳ. ನ್ಯೂಜೆರ್ಸಿಯ ಮಾಫಿಯಾದ ಟೋನಿ, ಮಗಳು ಮೆಡೋಗೆ ಕಾಲೇಜುಗಳನ್ನು ತೋರಿಸಲು ಮೇನ್ ರಾಜ್ಯಕ್ಕೆ ಹೋಗಿದ್ದಾನೆ. ಪೆಟ್ರೋಲ್ ಬಂಕಿನಲ್ಲಿ ಹಳೆಯ ಮುಖವೊಂದು ಕಣ್ಣಿಗೆ ಬೀಳುತ್ತದೆ. ಗುಂಪಿನವರನ್ನು ಹಿಡಿದುಕೊಟ್ಟು, ಹೆಸರು ಬದಲಿಸಿಕೊಂಡು, ಟ್ರಾವೆಲ್ ಏಜೆನ್ಸಿ ನಡೆಸುತ್ತಿರುವ ಪೆಟ್ರುಲಿಯೊ. ಮಗಳನ್ನು ಸಂದರ್ಶನಕ್ಕೆ ಬಿಟ್ಟು ಬಂದ ಅಪ್ಪ ಹಾಡಹಗಲೇ ತಂತಿಯಿಂದ ಅವನ ಕತ್ತು ಬಿಗಿಯುತ್ತಾನೆ.

ನಾಯಕನೇ ಕೈಯಾರೆ ಕೊಂದರೆ ಪ್ರೇಕ್ಷಕರು ಅವನ ಕೈಬಿಡುತ್ತಾರೆಂದು ವಾಹಿನಿಯವರು ಹೆದರಿದರು. ಕೊಲ್ಲದಿದ್ದರೆ ಅವನು ಮಾಫಿಯಾದವನೆಂದು ಯಾರು ನಂಬುತ್ತಾರೆ ಎಂಬುದು ಚೇಸ್ ವಾದ. ಕೊನೆಗೆ ಪೆಟ್ರುಲಿಯೊನನ್ನು ಇನ್ನಷ್ಟು ಕೆಟ್ಟವನಾಗಿ ತೋರಿಸುವ ರಾಜಿಯಾಯಿತು. ಆ ರಾಜಿಯ ಅಗತ್ಯ ನನಗೆ ಕಾಣುವುದಿಲ್ಲ. ಮೋಟೆಲಿನ ದೃಶ್ಯವನ್ನೇ ಗಮನಿಸಿ: ಪೆಟ್ರುಲಿಯೊ ಕತ್ತಲಲ್ಲಿ ಟೋನಿಗೆ ಪಿಸ್ತೂಲು ಗುರಿಯಿಟ್ಟಿರುತ್ತಾನೆ. ಯಾರೋ ವೃದ್ಧ ದಂಪತಿ ಅತ್ತ ಬರುತ್ತಾರೆ, ಅವನು ಹಿಂಜರಿಯುತ್ತಾನೆ. ಹಿಂಜರಿದವನೇ ಮರುದಿನ ಸಾಯುತ್ತಾನೆ. ಪಾತ್ರಗಳ ನಡುವಿನ ವ್ಯತ್ಯಾಸ ತೋರಿಸಲು ಇದಕ್ಕಿಂತ ಹೆಚ್ಚೇನು ಬೇಕು?

ಆದರೂ ಕಲಿಯುವವರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಕೊಲೆಯ ಬಳಿಯಲ್ಲ, ಕಾರಿನಲ್ಲಿ. ‘ನೀವು ಮಾಫಿಯಾದವರೇ?’ ಎಂದು ಮೆಡೋ ನೇರವಾಗಿ ಕೇಳುತ್ತಾಳೆ. ಟೋನಿ ರೇಗುತ್ತಾನೆ, ಕಸ ವಿಲೇವಾರಿಯ ವ್ಯವಹಾರ ಎನ್ನುತ್ತಾನೆ. ಮಗಳು ಸುಮ್ಮನಾಗುತ್ತಾಳೆ. ಆ ಮೌನವೇ ಅವನ ಬಾಯಿ ಬಿಡಿಸುತ್ತದೆ: ಸ್ವಲ್ಪ ಹಣ ಅಕ್ರಮ ಜೂಜಿನಿಂದ, ಅದರಿಂದ ಇದರಿಂದ ಬರುತ್ತದೆ ಎಂದು ಒಪ್ಪುತ್ತಾನೆ. ಅಷ್ಟಕ್ಕೇ ಅವಳಿಗೆ ಹಗುರವಾಗುತ್ತದೆ. ಕೊಲೆಯ ನಂತರ ಬೂಟಿನ ಕೆಸರು, ಕೈಯ ಗಾಯ ನೋಡಿ ಮತ್ತೆ ಪ್ರಶ್ನಿಸಿದಾಗ ಅವನು ಸುಳ್ಳು ಹೇಳುತ್ತಾನೆ. ಈ ಬಾರಿ ಅವಳಿಗೆ ಗೊತ್ತಾಗುತ್ತದೆ, ಗೊತ್ತಾದದ್ದು ನಮಗೂ ಗೊತ್ತಾಗುತ್ತದೆ. ಯಾರೂ ಬಿಡಿಸಿ ಹೇಳುವುದಿಲ್ಲ.

ಅದೇ ಹೊತ್ತಿಗೆ ಮನೆಯಲ್ಲಿ ಹೆಂಡತಿ ಕಾರ್ಮೆಲಾ ಪಾದ್ರಿ ಫಿಲ್ ಎದುರು ಅಳುತ್ತಾ ತಪ್ಪೊಪ್ಪಿಕೊಳ್ಳುತ್ತಾಳೆ: ಕೆಡುಕನ್ನು ಮನೆಯೊಳಗೆ ಬಿಟ್ಟುಕೊಂಡಿದ್ದೇನೆ ಎಂದು. ಆ ಮನೆಯನ್ನು ಬಿಟ್ಟು ಹೋಗುವ ಮಾತಂತೂ ಬರುವುದಿಲ್ಲ. ಎರಡು ಕಥಾಸರಗಳನ್ನು ಕಟ್ಟುವಾಗ ಘಟನೆಗಳು ಹೋಲಬೇಕಾಗಿಲ್ಲ, ಒಳಗಿನ ಒತ್ತಡ ಹೋಲಿದರೆ ಸಾಕು ಎಂಬುದಕ್ಕೆ ಇದು ಒಳ್ಳೆಯ ಮಾದರಿ. ಬೌಡಿನ್ ಕಾಲೇಜಿನ ಗೋಡೆಯ ಮೇಲೆ ಎರಡು ಮುಖಗಳ ಬಗೆಗಿನ ಕಾದಂಬರಿಕಾರ ಹಾಥಾರ್ನ್ ಮಾತನ್ನು ಟೋನಿಗೆ ಓದಿಸುವ ದೃಶ್ಯ ಮಾತ್ರ ಸ್ವಲ್ಪ ಒತ್ತಿ ಹೇಳಿದಂತಾಗಿದೆ.

ಕೊನೆಯ ದೃಶ್ಯದಲ್ಲಿ ಪಾದ್ರಿ ರಾತ್ರಿ ಇಲ್ಲೇ ಮಲಗಿದ್ದರೆಂದು ತಿಳಿದು ಟೋನಿ ಗೊಣಗುತ್ತಾನೆ. ಕಾರ್ಮೆಲಾ ಜಗಳವಾಡುವುದಿಲ್ಲ, ನಿಮ್ಮ ಮನೋವೈದ್ಯರು ಫೋನ್ ಮಾಡಿದ್ದರು ಎನ್ನುತ್ತಾಳೆ. ಆ ವೈದ್ಯರು ಹೆಂಗಸು ಎಂಬುದನ್ನು ಅವನು ಅದುವರೆಗೆ ಅವಳಿಗೆ ಹೇಳಿರಲಿಲ್ಲ.