ಮನಸ್ಸಿನ ಒಲವಿಗೆ ಅಂಕ: ಪ್ರಶ್ನಾವಳಿಯ ಪಾಠ ಇಷ್ಟು ಗೋಜಲಾದದ್ದು ಹೇಗೆ?

ಮಾರ್ಕೆಟಿಂಗ್ ರಿಸರ್ಚ್ ಓದುವ ವಿದ್ಯಾರ್ಥಿಗಳು ಪ್ರಾಜೆಕ್ಟ್ ಶುರು ಮಾಡುವಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರ ಇರುತ್ತವೆ. ಸ್ಕೇಲ್‌ನಲ್ಲಿ ಐದು ಆಯ್ಕೆ ಇಡಬೇಕಾ, ಏಳಾ? ನಡುವೆ ‘ಎರಡೂ ಅಲ್ಲ’ ಅನ್ನುವ ಆಯ್ಕೆ ಇರಬೇಕಾ? ಬಂದ ಉತ್ತರಗಳ ಸರಾಸರಿ ತೆಗೆಯಬಹುದಾ? ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ‘ಆಲ್ಫಾ’ ಎಂಬ ಅಂಕಿ ಎಷ್ಟು ಬಂದರೆ ಸಾಕು? ಒಬ್ಬ ಮೇಷ್ಟ್ರು ಒಂದು ಹೇಳುತ್ತಾರೆ, ಪಕ್ಕದ ಕ್ಲಾಸಿನವರು ಇನ್ನೊಂದು. ಇಬ್ಬರ ಮಾತಿಗೂ ಆಧಾರ ಇದೆ. ವಿದ್ಯಾರ್ಥಿ ಮಾತ್ರ ನಡುವೆ ಸಿಕ್ಕಿಕೊಳ್ಳುತ್ತಾನೆ.

ಈ ಗೋಜಲು ಒಂದೇ ದಿನ ಆದದ್ದಲ್ಲ. ಸುಮಾರು ನೂರು ವರ್ಷಗಳಲ್ಲಿ ಬೇರೆ ಬೇರೆ ಜನ ತಮ್ಮ ಅಗತ್ಯಕ್ಕೆ ತಕ್ಕಂತೆ ಕಂಡುಕೊಂಡ ಉಪಾಯಗಳೆಲ್ಲ ಒಂದೇ ಪಠ್ಯಕ್ರಮದೊಳಗೆ ಬಂದು ಸೇರಿವೆ. ಯಾವುದು ಯಾಕೆ ಬಂತು ಅನ್ನೋದನ್ನು ಬಿಡಿಸಿ ಹೇಳಲು ಕ್ಲಾಸಿನಲ್ಲಿ ಸಮಯ ಸಿಗುವುದು ಕಡಿಮೆ.

ಆರಂಭದ ಕಾಲವನ್ನು ಬೇಗ ದಾಟಿಬಿಡೋಣ. 1911ರಲ್ಲಿ ಅಮೆರಿಕದ ಕರ್ಟಿಸ್ ಪಬ್ಲಿಷಿಂಗ್ ಕಂಪನಿಯಲ್ಲಿ ಚಾರ್ಲ್ಸ್ ಕೂಲಿಡ್ಜ್ ಪಾರ್ಲಿನ್ ಮಾರುಕಟ್ಟೆಯ ಅಧ್ಯಯನ ಶುರು ಮಾಡಿದರು. ಆಗ ಬೇಕಿದ್ದುದು ಮುಖ್ಯವಾಗಿ ಲೆಕ್ಕ: ಯಾರು ಮಾರುತ್ತಾರೆ, ಎಷ್ಟು ಮಾರುತ್ತಾರೆ, ಕೊಳ್ಳುವವರು ಯಾರು. 1936ರಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿತು. 23 ಲಕ್ಷಕ್ಕೂ ಜಾಸ್ತಿ ಉತ್ತರ ಬಂದವು. ಆಲ್ಫ್ ಲ್ಯಾಂಡನ್ ಅಧ್ಯಕ್ಷರಾಗುತ್ತಾರೆ ಎಂದು ಪತ್ರಿಕೆ ಬರೆಯಿತು. ಆದರೆ 48 ರಾಜ್ಯಗಳಲ್ಲಿ 46ನ್ನು ಗೆದ್ದದ್ದು ರೂಸ್‌ವೆಲ್ಟ್. ಸುಮಾರು 50,000 ಜನರನ್ನಷ್ಟೇ ಕೇಳಿದ್ದ ಜಾರ್ಜ್ ಗ್ಯಾಲಪ್ ಗೆಲ್ಲುವವರ ಹೆಸರನ್ನು ಸರಿಯಾಗಿ ಹೇಳಿದ್ದರು. ಈ ಕಥೆ ಕೇಳದ ಮಾರ್ಕೆಟಿಂಗ್ ವಿದ್ಯಾರ್ಥಿ ಸಿಗುವುದು ಕಷ್ಟ. ಯಾರನ್ನು ಕೇಳಬೇಕು ಅನ್ನುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಸ್ಯಾಂಪ್ಲಿಂಗ್‌ಗೆ, ಅಂದರೆ ಕೇಳಬೇಕಾದವರನ್ನು ಆರಿಸುವ ಕ್ರಮಕ್ಕೆ, ಪಠ್ಯಕ್ರಮದಲ್ಲಿ ದೊಡ್ಡ ಜಾಗ ಸಿಕ್ಕಿತು, ಸಿಗಬೇಕಾದ್ದೇ. ಏನು ಕೇಳಬೇಕು, ಹೇಗೆ ಕೇಳಬೇಕು ಅನ್ನುವುದಕ್ಕೆ ಮಾತ್ರ ಅಷ್ಟು ಜೋರಾದ ಕಥೆ ಸಿಗಲಿಲ್ಲ. ನನ್ನ ಪ್ರಕಾರ ಆ ಕೊರತೆ ಇವತ್ತಿಗೂ ಕಾಣುತ್ತದೆ.

ಮನೋಭಾವವನ್ನು ಅಳೆಯಬಹುದು ಎಂದು 1928ರಲ್ಲಿ ಧೈರ್ಯವಾಗಿ ಹೇಳಿದವರು ಎಲ್.ಎಲ್. ಥರ್ಸ್ಟನ್. ಮರುವರ್ಷ ಇ.ಜೆ. ಚೇವ್ ಜೊತೆ ಸೇರಿ ಚರ್ಚ್ ಬಗೆಗಿನ ಮನೋಭಾವವನ್ನು ಅಳೆದು ತೋರಿಸಿದರು. ಅವರ ಕೆಲಸದ ರೀತಿ ನೋಡಿ. ಮೊದಲು 130 ಹೇಳಿಕೆಗಳನ್ನು ಚೀಟಿಗಳಲ್ಲಿ ಬರೆದರು. ಅವನ್ನು 300ರಷ್ಟು ಜನರ ಕೈಗೆ ಕೊಟ್ಟು 11 ಗುಂಪು ಮಾಡಲು ಹೇಳಿದರು. ಒಂದು ತುದಿಯಲ್ಲಿ ತೀರಾ ಪರ, ಇನ್ನೊಂದು ತುದಿಯಲ್ಲಿ ತೀರಾ ವಿರೋಧ. ಆ ಜನರ ಸ್ವಂತ ಅಭಿಪ್ರಾಯ ಇಲ್ಲಿ ಬೇಕಿರಲಿಲ್ಲ. ಹೇಳಿಕೆ ಎಷ್ಟು ಪರವಾಗಿದೆ ಅಥವಾ ವಿರೋಧವಾಗಿದೆ ಎಂದು ತೂಗಿ ಹೇಳಿದರೆ ಸಾಕಿತ್ತು. ಎಲ್ಲರೂ ಹೆಚ್ಚುಕಡಿಮೆ ಒಂದೇ ಗುಂಪಿಗೆ ಹಾಕಿದ ಹೇಳಿಕೆ ಉಳಿಯಿತು. ಒಬ್ಬೊಬ್ಬರು ಒಂದೊಂದು ಕಡೆ ಹಾಕಿದ್ದು ಹೊರಗೆ ಹೋಯಿತು. ಕೊನೆಗೆ ಉಳಿದದ್ದು 45.

ಇದು ತುಂಬ ಶ್ರಮದ ಕೆಲಸ. 1932ರಲ್ಲಿ ರೆನ್ಸಿಸ್ ಲಿಕರ್ಟ್ ಸುಲಭದ ದಾರಿ ತೋರಿಸಿದರು. ತೀರ್ಪುಗಾರರೇ ಬೇಡ. ಹೇಳಿಕೆ ಕೊಡಿ, ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಎಂದು ಐದು ಹಂತದಲ್ಲಿ ಕೇಳಿ, ಅಂಕ ಕೂಡಿಸಿ. ಫಲಿತಾಂಶ ಥರ್ಸ್ಟನ್ ವಿಧಾನಕ್ಕೆ ತುಂಬ ಹತ್ತಿರ ಬರುತ್ತಿತ್ತು, ಖರ್ಚಾಗುವ ಸಮಯ ಎಷ್ಟೋ ಕಡಿಮೆ. ಜಗತ್ತು ಇದನ್ನು ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ. ಒಂದು ವಿಷಯ ಮಾತ್ರ ಗಮನಿಸಬೇಕು. ಲಿಕರ್ಟ್ ವಿಧಾನದಲ್ಲೂ ಹೇಳಿಕೆಗಳನ್ನು ಜರಡಿ ಹಿಡಿಯುವ ಕೆಲಸ ಇತ್ತು. ಒಟ್ಟು ಅಂಕದ ಜೊತೆ ಹೊಂದದ ಹೇಳಿಕೆಯನ್ನು ಅವರು ತೆಗೆದುಹಾಕುತ್ತಿದ್ದರು. ಕ್ಲಾಸಿಗೆ ಬರುವ ಹೊತ್ತಿಗೆ ಐದು ಹಂತಗಳಷ್ಟೇ ಉಳಿದವು, ಜರಡಿ ಹಿಂದೆ ಬಿತ್ತು. ಈಗ ಒಂದೇ ಒಂದು ಪ್ರಶ್ನೆಗೆ ಐದು ಆಯ್ಕೆ ಕೊಟ್ಟರೂ ‘ಲಿಕರ್ಟ್ ಸ್ಕೇಲ್ ಬಳಸಿದ್ದೇವೆ’ ಎಂದು ವರದಿಯಲ್ಲಿ ಬರೆಯುತ್ತಾರೆ. ಲಿಕರ್ಟ್ ಪಾಲಿಗೆ ಸ್ಕೇಲ್ ಎಂದರೆ ಹಲವು ಹೇಳಿಕೆಗಳ ಒಟ್ಟು ಮೊತ್ತ.

ಸರಾಸರಿಯ ಜಗಳ 1946ರದ್ದು. ಎಸ್.ಎಸ್. ಸ್ಟೀವನ್ಸ್ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಹೆಸರಿನ ಅಳತೆ, ಕ್ರಮದ ಅಳತೆ, ಸಮ ಅಂತರದ ಅಳತೆ, ಅನುಪಾತದ ಅಳತೆ. ‘ಒಪ್ಪುತ್ತೇನೆ’ ಮತ್ತು ‘ಬಲವಾಗಿ ಒಪ್ಪುತ್ತೇನೆ’ ನಡುವಿನ ದೂರ ಎಲ್ಲರಿಗೂ ಒಂದೇ ಎಂದು ಯಾರು ಹೇಳಿದರು? ಹಾಗಾಗಿ ಇದು ಕ್ರಮವನ್ನಷ್ಟೇ ಹೇಳುವ ಅಳತೆ, ಸರಾಸರಿ ಕೂಡದು ಅನ್ನುವುದು ಒಂದು ಪಕ್ಷ. ಹಲವು ಹೇಳಿಕೆಗಳ ಅಂಕ ಕೂಡಿಸಿದಾಗ ತೊಂದರೆ ಅಷ್ಟಾಗಿ ಕಾಡುವುದಿಲ್ಲ ಅನ್ನುವುದು ಇನ್ನೊಂದು ಪಕ್ಷ. ಎಂಟು ದಶಕ ಹತ್ತಿರ ಬಂದರೂ ಇದು ತೀರ್ಮಾನ ಆಗಿಲ್ಲ.

ಈ ನಡುವೆ ಇನ್ನೊಂದು ಕಡೆ ಪ್ರಶ್ನೆಯ ಮಾತುಗಳ ಮೇಲೇ ಪ್ರಯೋಗ ನಡೆಯುತ್ತಿತ್ತು. 1940ರ ಒಂದು ಸಮೀಕ್ಷೆಯಲ್ಲಿ ಡೊನಾಲ್ಡ್ ರಗ್, ಪ್ರಜಾಪ್ರಭುತ್ವದ ವಿರುದ್ಧ ಭಾಷಣ ಮಾಡಲು ಅವಕಾಶ ಕೊಡಬೇಕೇ ಎಂದು ಕೆಲವರನ್ನು ಕೇಳಿದರು. ಕೊಡಬಾರದು ಎಂದವರು ಶೇ. 62. ಅಂಥ ಭಾಷಣವನ್ನು ನಿಷೇಧಿಸಬೇಕೇ ಎಂದು ಬೇರೆಯವರನ್ನು ಕೇಳಿದಾಗ ಹೌದು ಎಂದವರು ಶೇ. 46 ಮಾತ್ರ. ಅವಕಾಶ ಕೊಡದಿರುವುದೂ ನಿಷೇಧಿಸುವುದೂ ಒಂದೇ, ಅಲ್ವಾ? ಉತ್ತರ ಕೊಡುವವರಿಗೆ ಒಂದೇ ಆಗಿರಲಿಲ್ಲ. 1948ರ ಇನ್ನೊಂದು ಪ್ರಯೋಗದಲ್ಲಿ, ಕಮ್ಯುನಿಸ್ಟ್ ದೇಶದ ವರದಿಗಾರರನ್ನು ಅಮೆರಿಕದೊಳಗೆ ಬಿಡಬೇಕೇ ಎಂದು ಮೊದಲೇ ಕೇಳಿದರೆ ಶೇ. 36 ಜನ ಹೌದು ಎಂದರು. ಅಮೆರಿಕದ ವರದಿಗಾರರನ್ನು ಕಮ್ಯುನಿಸ್ಟ್ ದೇಶಗಳು ಒಳಗೆ ಬಿಡಬೇಕೇ ಎಂದು ಕೇಳಿದ ಮೇಲೆ ಅದೇ ಪ್ರಶ್ನೆ ಇಟ್ಟರೆ ಶೇ. 73. ಪ್ರಶ್ನೆಯ ಒಂದಕ್ಷರವೂ ಬದಲಾಗಿರಲಿಲ್ಲ, ಜಾಗ ಮಾತ್ರ ಬದಲಾಗಿತ್ತು. 1970ರ ದಶಕದಲ್ಲಿ ಜಾರ್ಜ್ ಬಿಷಪ್ ಮತ್ತು ಜೊತೆಗಾರರು ಇಲ್ಲದೇ ಇರುವ ಒಂದು ಕಾಯ್ದೆಯ ಬಗ್ಗೆ ಕೇಳಿದರು. ಮೂವರಲ್ಲಿ ಒಬ್ಬರು ಅದಕ್ಕೂ ಅಭಿಪ್ರಾಯ ಹೇಳಿದರು.

ಈ ಪ್ರಯೋಗಗಳು ಬೆಳೆದದ್ದು ಸಮಾಜಶಾಸ್ತ್ರ ಮತ್ತು ಜನಾಭಿಪ್ರಾಯ ಅಧ್ಯಯನದ ಅಂಗಳದಲ್ಲಿ. ಮಾರ್ಕೆಟಿಂಗ್ ವಿಭಾಗ ಆ ಹೊತ್ತಿಗೆ ಬೇರೆ ದಾರಿ ಹಿಡಿದಿತ್ತು. ಇವತ್ತಿನ ಪಾಠದ ರೂಪ ಗಟ್ಟಿಯಾದದ್ದು ಆ ದಾರಿಯಲ್ಲೇ.

1979ರಲ್ಲಿ ಗಿಲ್ಬರ್ಟ್ ಚರ್ಚಿಲ್ ಮಾರ್ಕೆಟಿಂಗ್‌ನವರಿಗಾಗಿ ಅಳತೆ ತಯಾರಿಸುವ ಕ್ರಮವನ್ನು ಹಂತ ಹಂತವಾಗಿ ಬರೆದುಕೊಟ್ಟರು. ಅದು ಆ ಕಾಲಕ್ಕೆ ಬೇಕೇ ಬೇಕಿತ್ತು. ಬ್ರ್ಯಾಂಡ್ ನಿಷ್ಠೆ, ತೃಪ್ತಿ, ನಂಬಿಕೆ ಎಂದು ಒಬ್ಬೊಬ್ಬರು ಒಂದೊಂದು ರೀತಿ ಅಳೆಯುತ್ತಿದ್ದರು, ಹೋಲಿಸಿ ನೋಡುವುದೇ ಕಷ್ಟವಾಗಿತ್ತು. ಚರ್ಚಿಲ್ ಹೇಳಿದ ಮೊದಲ ಹೆಜ್ಜೆ, ಅಳೆಯಬೇಕಾದದ್ದು ಏನು ಎಂದು ಗಡಿ ಹಾಕಿಕೊಳ್ಳುವುದು. ಎರಡನೆಯದು ಓದಿ, ಜನರ ಜೊತೆ ಮಾತಾಡಿ ಹೇಳಿಕೆಗಳನ್ನು ಹುಟ್ಟಿಸುವುದು. ಆಮೇಲೆ ದತ್ತಾಂಶ, ಶೋಧನೆ, ಮತ್ತೆ ದತ್ತಾಂಶ, ವಿಶ್ವಾಸಾರ್ಹತೆ, ಸಿಂಧುತ್ವ (ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯಾ ಅನ್ನುವುದು). ಶೋಧನೆಗೆ ಬಳಸುವ ಮುಖ್ಯ ಸಾಧನ ಲೀ ಕ್ರೋನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾ.

ಮೊದಲ ಎರಡು ಹೆಜ್ಜೆಗೆ ವಾರಗಟ್ಟಲೆ ಬೇಕು. ಆಲ್ಫಾ ಲೆಕ್ಕಕ್ಕೆ ಕಂಪ್ಯೂಟರ್‌ನಲ್ಲಿ ಒಂದು ಆಜ್ಞೆ ಸಾಕು. ಸೆಮಿಸ್ಟರ್ ಇರುವುದೋ ಕೆಲವೇ ತಿಂಗಳು. ಪಾಠ ಯಾವ ಕಡೆ ವಾಲಿತು ಎಂದು ಊಹಿಸಬಹುದು. ಕಂಪ್ಯೂಟರ್ ಔಟ್‌ಪುಟ್‌ಗೆ ಅಂಕ ಕೊಡುವುದು ಸುಲಭ. ಒಂದು ಹೇಳಿಕೆಯನ್ನು ಎಂಟು ಸಲ ತಿದ್ದಿದ ಕಾಗದಕ್ಕೆ ಅಂಕ ಕೊಡುವುದು ಕಷ್ಟ.

ಆಲ್ಫಾವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ (ಒಂದರ ಉತ್ತರ ಇನ್ನೊಂದರ ಜೊತೆ ಎಷ್ಟು ಹೊಂದಿ ಏರಿಳಿಯುತ್ತದೆ ಎಂಬ ಅಂಕಿ) 0.3 ಎಂದಿಟ್ಟುಕೊಳ್ಳಿ. ಐದು ಹೇಳಿಕೆ ಇದ್ದರೆ ಆಲ್ಫಾ 0.68. ಹತ್ತಾದರೆ 0.81. ಇಪ್ಪತ್ತಾದರೆ 0.90ರ ಹತ್ತಿರ. ಹೇಳಿಕೆಗಳು ಉತ್ತಮವಾಗಲಿಲ್ಲ, ಸಂಖ್ಯೆ ಜಾಸ್ತಿಯಾಯಿತು ಅಷ್ಟೇ. ಇನ್ನೂ ಸುಲಭದ ದಾರಿ ಇದೆ. ‘ಈ ಬ್ರ್ಯಾಂಡ್ ನನಗೆ ಇಷ್ಟ’, ‘ಈ ಬ್ರ್ಯಾಂಡ್ ನನಗೆ ಹಿಡಿಸುತ್ತದೆ’, ‘ಈ ಬ್ರ್ಯಾಂಡ್ ಬಗ್ಗೆ ನನಗೆ ಒಳ್ಳೆಯ ಭಾವನೆ ಇದೆ’ ಎಂದು ಒಂದೇ ಮಾತನ್ನು ಮೂರು ಸಲ ಕೇಳಿದರೆ ಆಲ್ಫಾ ಗಗನಕ್ಕೆ ಹೋಗುತ್ತದೆ. ಅಳೆಯಬೇಕಾದ ಸಂಗತಿಯ ಒಂದು ಮೂಲೆಯನ್ನಷ್ಟೇ ಅದು ಮುಟ್ಟಿರುತ್ತದೆ. ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆ ಎಂದು ಆಲ್ಫಾ ಹೇಳಬಲ್ಲದು. ಅಳೆಯಲು ಹೊರಟದ್ದನ್ನೇ ಅಳೆಯುತ್ತಿದ್ದೇವಾ ಎಂದು ಅದು ಹೇಳಲಾರದು.

0.7ರ ಗೆರೆಗೂ ಒಂದು ಹಿನ್ನೆಲೆ ಇದೆ. ಜುಮ್ ನನಲಿ 1978ರಲ್ಲಿ ಆ ಅಂಕಿ ಕೊಟ್ಟದ್ದು ಸಂಶೋಧನೆಯ ಆರಂಭದ ಹಂತಕ್ಕೆ. ಮುಂದಿನ ಹಂತಕ್ಕೆ 0.8 ಬೇಕು, ಒಬ್ಬ ವ್ಯಕ್ತಿಯ ಬಗ್ಗೆ ಮಹತ್ವದ ನಿರ್ಧಾರ ಮಾಡುವುದಾದರೆ 0.9 ಕೂಡ ಕನಿಷ್ಠ ಎಂದಿದ್ದರು. ಷರತ್ತುಗಳು ದಾರಿಯಲ್ಲೇ ಉದುರಿದವು, 0.7 ಒಂದು ಪಾಸ್ ಮಾರ್ಕ್ ಆಯಿತು.

ಸಿದ್ಧ ಸ್ಕೇಲ್‌ಗಳ ಕಾಲ ಬಂದದ್ದೂ ಆಗಲೇ. 1988ರಲ್ಲಿ ಪರಶುರಾಮನ್, ಝೈತಮಲ್, ಬೆರ್ರಿ ಅವರ ಸರ್ವ್‌ಕ್ವಾಲ್ ಬಂತು. ಸೇವೆಯ ಗುಣಮಟ್ಟಕ್ಕೆ 22 ಹೇಳಿಕೆ, ಐದು ಮುಖ. ನಿರೀಕ್ಷೆಗೆ ಒಮ್ಮೆ, ಅನುಭವಕ್ಕೆ ಒಮ್ಮೆ, ಅಂದರೆ ಒಬ್ಬರು 44 ಸಲ ಟಿಕ್ ಮಾಡಬೇಕು. ಇದರ ಹಿಂದೆ ಗುಂಪು ಚರ್ಚೆಗಳಿದ್ದವು, 97 ಹೇಳಿಕೆಗಳಿಂದ 22ಕ್ಕೆ ಇಳಿಸಿದ ಶ್ರಮ ಇತ್ತು. 1992ರಲ್ಲಿ ಕ್ರೋನಿನ್ ಮತ್ತು ಟೇಲರ್, ನಿರೀಕ್ಷೆ ಕೇಳುವುದೇ ಬೇಡ, ಅನುಭವ ಸಾಕು ಎಂದು ವಾದಿಸಿದರು. ಕ್ಲಾಸಿನಲ್ಲಿ ಈ ವಾದ ಒಂದು ಸ್ಲೈಡ್‌ನಲ್ಲಿ ಮುಗಿಯುತ್ತದೆ. ವಿದ್ಯಾರ್ಥಿಗಳು 22 ಹೇಳಿಕೆಗಳನ್ನು ಎತ್ತಿ ತಮ್ಮ ಪ್ರಶ್ನಾವಳಿಗೆ ಅಂಟಿಸುತ್ತಾರೆ. ಸಿಬ್ಬಂದಿಯೇ ಇಲ್ಲದ ಆ್ಯಪ್‌ನ ಬಗ್ಗೆಯೂ ‘ಸಿಬ್ಬಂದಿಯ ಉಡುಪು ಅಚ್ಚುಕಟ್ಟಾಗಿದೆ’ ಎಂದು ಕೇಳುವ ಅಪಾಯ ಅಲ್ಲೇ ಇದೆ. ಪ್ರಕಟವಾದ ಸ್ಕೇಲ್ ಅಂದಮೇಲೆ ಸರಿಯೇ ಇರಬೇಕು ಎಂಬ ಧೈರ್ಯ ಅವರಿಗೆ. ಆ ಧೈರ್ಯ ಕೊಟ್ಟದ್ದು ಪಾಠದ ಕ್ರಮವೇ, ಅವರ ಸೋಮಾರಿತನ ಅಲ್ಲ.

2000ದ ನಂತರ ಗಾಳಿ ತಿರುಗಿತು. ಅಷ್ಟೊಂದು ಹೇಳಿಕೆ ಯಾಕೆ ಎಂದು ಜಾನ್ ರಾಸಿಟರ್ 2002ರಲ್ಲಿ ಕೇಳಿದರು. ಅವರೂ ಲಾರ್ಸ್ ಬರ್ಕ್‌ವಿಸ್ಟ್ ಕೂಡ 2007ರಲ್ಲಿ, ಜಾಹೀರಾತು ಅಥವಾ ಬ್ರ್ಯಾಂಡ್ ಬಗೆಗಿನ ಒಲವಿನಂಥ ಸರಳ ಸಂಗತಿಗೆ ಒಂದೇ ಪ್ರಶ್ನೆ ಸಾಕು ಎಂದು ತೋರಿಸಿದರು. ಕಂಪನಿಗಳು ಇನ್ನೂ ಬೇಗ ಆ ಕಡೆ ಹೊರಟಿದ್ದವು. 2003ರಲ್ಲಿ ಫ್ರೆಡರಿಕ್ ರೈಕ್‌ಹೆಲ್ಡ್ ಮುಂದಿಟ್ಟ ನೆಟ್ ಪ್ರಮೋಟರ್ ಸ್ಕೋರ್ ಒಂದೇ ಪ್ರಶ್ನೆ ಕೇಳುತ್ತದೆ: ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ, 0ರಿಂದ 10ರ ಒಳಗೆ ಹೇಳಿ. 9, 10 ಕೊಟ್ಟವರ ಶೇಕಡಾವಾರಿನಿಂದ 0ರಿಂದ 6 ಕೊಟ್ಟವರದ್ದನ್ನು ಕಳೆಯಿರಿ. ಬೆಳಗ್ಗೆ 22 ಹೇಳಿಕೆಯ ಪಾಠ ಕೇಳಿದ ವಿದ್ಯಾರ್ಥಿ ಮಧ್ಯಾಹ್ನ ಇಂಟರ್ನ್‌ಶಿಪ್‌ನಲ್ಲಿ ಒಂದೇ ಪ್ರಶ್ನೆ ನೋಡುತ್ತಾನೆ. ಗೊಂದಲ ಆಗದೆ ಇನ್ನೇನಾಗುತ್ತದೆ?

ಅಳೆದ ಒಲವು ಕೊಳ್ಳುವಿಕೆಯಾಗಿ ಬದಲಾಗುತ್ತದಾ ಅನ್ನುವುದು ಬೇರೆ ಎಳೆ, ಅದೂ ಹಳೆಯದೇ. ರಿಚರ್ಡ್ ಲಾಪಿಯರ್ 1930ರ ದಶಕದ ಆರಂಭದಲ್ಲಿ ಚೀನಾ ಮೂಲದ ದಂಪತಿಯ ಜೊತೆ ಅಮೆರಿಕ ಸುತ್ತಿದರು. 250ಕ್ಕೂ ಜಾಸ್ತಿ ಹೋಟೆಲ್, ವಸತಿಗೃಹಗಳಲ್ಲಿ ಒಂದು ಕಡೆ ಮಾತ್ರ ಪ್ರವೇಶ ಸಿಗಲಿಲ್ಲ. ಆರು ತಿಂಗಳ ಬಳಿಕ ಅದೇ ಜಾಗಗಳಿಗೆ ಪತ್ರ ಬರೆದು ಚೀನೀಯರಿಗೆ ಜಾಗ ಕೊಡುತ್ತೀರಾ ಎಂದು ಕೇಳಿದರೆ, ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ಜನ ಇಲ್ಲ ಎಂದರು. ಬಾಗಿಲಲ್ಲಿ ನಿಂತಿದ್ದವರೇ ಪತ್ರಕ್ಕೂ ಉತ್ತರಿಸಿದರಾ ಎಂಬ ಪ್ರಶ್ನೆ ಇದ್ದೇ ಇದೆ. ಆದರೂ ಪಾಠ ಗಟ್ಟಿ. ಐಸೆಕ್ ಐಜನ್ ಮತ್ತು ಮಾರ್ಟಿನ್ ಫಿಶ್‌ಬೈನ್ 1970ರ ದಶಕದಲ್ಲಿ ಕೊಟ್ಟ ಪರಿಹಾರ ಸರಳವಾಗಿದೆ: ಯಾವ ನಡವಳಿಕೆ ತಿಳಿಯಬೇಕೋ ಅಷ್ಟೇ ನಿರ್ದಿಷ್ಟವಾಗಿ ಕೇಳಿ. ‘ಪರಿಸರಸ್ನೇಹಿ ವಸ್ತುಗಳ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಎಂದು ಕೇಳಿ, ಬಂದ ಅಂಕದಿಂದ ಮುಂದಿನ ತಿಂಗಳ ಸೋಪಿನ ಮಾರಾಟ ಊಹಿಸಬೇಡಿ.

ಆನ್‌ಲೈನ್ ಫಾರ್ಮ್‌ಗಳು ಬಂದ ಮೇಲೆ ಪ್ರಶ್ನಾವಳಿ ತಯಾರಿಸಲು ಅರ್ಧ ಗಂಟೆ ಸಾಕು. ಲಿಂಕ್ ಹಂಚಿದರೆ ರಾತ್ರಿಯೊಳಗೆ ಉತ್ತರ ಬರುತ್ತದೆ. ಮೇಲಿನಿಂದ ಕೆಳಗಿನವರೆಗೆ ಸುಮ್ನೆ ಒಂದೇ ಸಾಲಿನಲ್ಲಿ ಟಿಕ್ ಮಾಡಿದ ಉತ್ತರಗಳೂ ಅದರಲ್ಲಿ ಇರುತ್ತವೆ. ಉತ್ತರಿಸುವವರು ಶ್ರಮ ಉಳಿಸುತ್ತಾರೆ ಎಂದು ಜಾನ್ ಕ್ರಾಸ್ನಿಕ್ 1991ರಲ್ಲೇ ವಿವರಿಸಿದ್ದರು. ಅದಕ್ಕೆ ಈಗ ಕೊಡುವ ಮದ್ದು, ‘ಇಲ್ಲಿ ಮೂರನೇ ಆಯ್ಕೆ ಒತ್ತಿ’ ಎಂಬ ಗಮನ ಪರೀಕ್ಷೆ. ಬೇಸರ ಹುಟ್ಟಿಸಿದ ಪ್ರಶ್ನಾವಳಿಯನ್ನು ಮತ್ತೆ ಬರೆಯುವ ಮದ್ದಿಗೆ ಬೇಡಿಕೆ ಕಡಿಮೆ.

ಆ ಮದ್ದು ಇಲ್ಲದೇನೂ ಇಲ್ಲ. 1980ರ ದಶಕದಿಂದ ಮನೋವಿಜ್ಞಾನಿಗಳೂ ಸಮೀಕ್ಷಾ ತಜ್ಞರೂ ಸೇರಿ ಬೆಳೆಸಿದ ವಿಧಾನ ಒಂದಿದೆ. ಒಬ್ಬರನ್ನು ಎದುರು ಕೂರಿಸಿ, ಪ್ರಶ್ನೆ ಓದಿ, ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಿಸುವುದು. ‘ಕಳೆದ ತಿಂಗಳು ಎಷ್ಟು ಸಲ ಆನ್‌ಲೈನ್ ಶಾಪಿಂಗ್ ಮಾಡಿದಿರಿ’ ಎಂಬ ಸಾದಾ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಒಬ್ಬರು ಫೋನ್ ರೀಚಾರ್ಜನ್ನೂ ಸೇರಿಸುತ್ತಾರೆ. ಇನ್ನೊಬ್ಬರು ವಾಪಸ್ ಕಳಿಸಿದ ಬಟ್ಟೆಯನ್ನು ಬಿಡುತ್ತಾರೆ. ಮತ್ತೊಬ್ಬರಿಗೆ ಕಳೆದ ತಿಂಗಳು ಎಂದರೆ ಹಿಂದಿನ 30 ದಿನ. ಮೂವರೂ ‘ನಾಲ್ಕು’ ಎಂದು ಬರೆದಿರಬಹುದು. ಐದಾರು ಜನರ ಜೊತೆ ಹೀಗೆ ಕೂತರೆ ಒಂದು ಮಧ್ಯಾಹ್ನದಲ್ಲಿ ಪ್ರಶ್ನಾವಳಿಯ ಅರ್ಧ ಹುಳುಕು ಹೊರಬೀಳುತ್ತದೆ. ಕ್ಲಾಸಿನಲ್ಲೇ ಮಾಡಿಸಬಹುದಾದ ಕೆಲಸ ಇದು. ಥರ್ಸ್ಟನ್‌ರ ಚೀಟಿ ವಿಂಗಡಣೆಯನ್ನೂ ಮಾಡಿಸಬಹುದು. ತಾನು ತಟಸ್ಥ ಎಂದುಕೊಂಡು ಬರೆದ ಹೇಳಿಕೆಯನ್ನು ಗೆಳೆಯರು ತುದಿಯ ಗುಂಪಿಗೆ ಹಾಕಿದಾಗ ವಿದ್ಯಾರ್ಥಿಗೆ ಆಗುವ ಅಚ್ಚರಿಯನ್ನು ಯಾವ ಸ್ಲೈಡೂ ಕೊಡುವುದಿಲ್ಲ.

ಈಗ ಎಐ ಭಾಷಾ ಮಾದರಿಗಳು ಬಂದಿವೆ. ಎರಡು ಸಂಗತಿಗಳನ್ನು ಒಂದೇ ಪ್ರಶ್ನೆಯಲ್ಲಿ ತುರುಕಿದ್ದರೆ ಅವು ತಕ್ಷಣ ತೋರಿಸಿಕೊಡುತ್ತವೆ. ಅಷ್ಟಕ್ಕೆ ಬಳಸುವುದು ಒಳ್ಳೆಯದೇ. ಜನರ ಬದಲು ಅವುಗಳಿಂದಲೇ ಉತ್ತರ ಬರೆಸುವ ಪ್ರಯತ್ನಗಳೂ ನಡೆದಿವೆ. ಅಂಥ ಉತ್ತರಗಳು ಅಚ್ಚುಕಟ್ಟಾಗಿರುತ್ತವೆ, ಜನರ ಉತ್ತರದಲ್ಲಿ ಕಾಣುವಷ್ಟು ಏರಿಳಿತ ಅವುಗಳಲ್ಲಿ ಇರುವುದಿಲ್ಲ. ರೀಚಾರ್ಜ್ ಸೇರಿಸಬೇಕಾ ಬೇಡವಾ ಎಂದು ತಡವರಿಸುವ ವ್ಯಕ್ತಿ ಅಲ್ಲಿ ಸಿಗುವುದಿಲ್ಲ. ಮಾದರಿಗಳಿಂದ ಉತ್ತರ ಬರೆಸಿದ್ದನ್ನು ಪ್ರಾಜೆಕ್ಟ್‌ನಲ್ಲಿ ಪ್ರಶ್ನಾವಳಿಯ ಪೂರ್ವಪರೀಕ್ಷೆ ಎಂದು ಒಪ್ಪಿಕೊಳ್ಳಬೇಕಾ ಎಂಬ ಬಗ್ಗೆ ಪಾಠ ಮಾಡುವವರಲ್ಲಿ ಒಮ್ಮತ ಬಂದಿಲ್ಲ.